ಕ್ರೂಸ್ ಹಡಗು ಹತ್ತುವ ದಿನ, ಇಳಿಯುವ ದಿನ: ಸಿಂಗಪುರದಿಂದ ಹೊರಡುವವರಿಗೆ

ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರಿಗೆ ದೊಡ್ಡ ಹಡಗೊಂದು ನಸುಕಿನಲ್ಲಿ ಬಂದು ನಿಂತರೆ, ಬೆಳಗಿನ ಹತ್ತು ಹನ್ನೊಂದು ಗಂಟೆಯೊಳಗೆ ಅದರಲ್ಲಿದ್ದ ಮೂರು ನಾಲ್ಕು ಸಾವಿರ ಮಂದಿ ಪೂರ್ತಿ ಇಳಿದುಹೋಗಬೇಕು, ಮತ್ತು ಅದೇ ಸಂಜೆ ಹೆಚ್ಚುಕಡಿಮೆ ಅಷ್ಟೇ ಮಂದಿ ಹೊಸಬರನ್ನು ತುಂಬಿಕೊಂಡು ಹಡಗು ಮತ್ತೆ ಹೊರಡಬೇಕು. ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಎಲ್ಲ ಕ್ಯಾಬಿನ್ನುಗಳ ಹಾಸಿಗೆ ಹೊದಿಕೆ ಬದಲಾಗಬೇಕು, ತರಕಾರಿ ಹಾಲು ಇಂಧನ ಒಳಗೆ ಬರಬೇಕು, ಸಾವಿರಾರು ಸೂಟ್‌ಕೇಸ್‌ಗಳು ಇಳಿದು ಬೇರೆ ಸಾವಿರಾರು ಏರಬೇಕು. ಮೊದಲ ಬಾರಿ ಹೋಗುವವರಿಗೆ ವಿಚಿತ್ರವೆನಿಸುವ ನಿಯಮಗಳೆಲ್ಲ, ಎಂದರೆ ಲಗೇಜನ್ನು ರಾತ್ರಿಯೇ ಬಾಗಿಲ ಹೊರಗೆ ಇಡಿ ಎನ್ನುವುದು, ಇಂಥ ಅರ್ಧ ಗಂಟೆಯಲ್ಲೇ ಬನ್ನಿ ಎನ್ನುವುದು, ಒಳಗೆ ಕಾಲಿಟ್ಟ ಮೇಲೂ ಕೋಣೆಗೆ ಹೋಗಲು ಕಾಯಿಸುವುದು, ಈ ಒಂದೇ ದಿನದ ಲೆಕ್ಕಾಚಾರದಿಂದ ಹುಟ್ಟಿದವು. ಇದನ್ನು ತಿಳಿದುಕೊಂಡರೆ ಹತ್ತುವ ದಿನ ಮತ್ತು ಇಳಿಯುವ ದಿನ ಎರಡೂ ಪ್ರವಾಸದ ಸಂತೋಷದ ದಿನಗಳಲ್ಲ, ಪ್ರಯಾಣದ ದಿನಗಳು ಎಂಬುದು ಸ್ಪಷ್ಟವಾಗುತ್ತದೆ, ಮತ್ತು ಅವುಗಳಿಗೆ ತಕ್ಕ ಸಿದ್ಧತೆಯೂ ಸುಲಭವಾಗುತ್ತದೆ.

ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್‌ಗೆ, ಅಥವಾ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ಎರಡಕ್ಕೂ ಹೋಗಿ ಮರಳುವ ಮೂರು ನಾಲ್ಕು ರಾತ್ರಿಗಳ ಪ್ರವಾಸವನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನಗಳಿರುವುದರಿಂದ ನಮ್ಮವರಲ್ಲಿ ಹಲವರು ಮೊದಲ ಕ್ರೂಸ್‌ಗೆ ಇದನ್ನೇ ಆರಿಸಿಕೊಳ್ಳುತ್ತಾರೆ.

ಕಾಗದಪತ್ರಗಳು

ಮೊದಲು ನೋಡಬೇಕಾದದ್ದು ಪಾಸ್‌ಪೋರ್ಟು. ಪ್ರವಾಸ ಮುಗಿಯುವ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರದಿದ್ದರೆ ಟರ್ಮಿನಲ್‌ನಲ್ಲಿಯೇ ತಡೆಯುತ್ತಾರೆ, ಮತ್ತು ಹಾಗೆ ತಡೆದಾಗ ಹಣ ಮರಳಿ ಸಿಗುವ ಭರವಸೆ ಇರುವುದಿಲ್ಲ. ಎರಡನೆಯದು ಸಿಂಗಪುರದ ವೀಸಾ. ಹಡಗು ಹತ್ತಿದ ಕ್ಷಣ ನೀವು ಸಿಂಗಪುರವನ್ನು ಬಿಟ್ಟಂತೆ, ಇಳಿಯುವಾಗ ಮತ್ತೆ ಹೊಸದಾಗಿ ಪ್ರವೇಶಿಸಿದಂತೆ. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶ ಕೊಡುವಂತಿದೆಯೇ, ಅದರ ಅವಧಿ ಹಡಗು ಮರಳುವ ದಿನಾಂಕವನ್ನು ದಾಟುತ್ತದೆಯೇ ಎಂಬುದನ್ನು ವೀಸಾ ಪತ್ರವನ್ನು ಕೈಯಲ್ಲಿ ಹಿಡಿದು ಓದಿ ಖಚಿತಪಡಿಸಿಕೊಳ್ಳಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟಿದೆ, ಥಾಯ್ಲೆಂಡ್ ಕೂಡ ಇಂಥ ವಿನಾಯಿತಿ ನೀಡಿದೆ. ಆದರೆ ಇವು ಕಾಲಕಾಲಕ್ಕೆ ಬದಲಾಗುವ ರಿಯಾಯಿತಿಗಳಾದುದರಿಂದ ಟಿಕೆಟ್ ಕಾಯ್ದಿರಿಸುವಾಗ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ಸರ್ಕಾರದ ತಾಣದಲ್ಲಿ ನೋಡುವುದು ಕ್ಷೇಮ. ಹಡಗಿನಿಂದ ಕೆಳಗೆ ಇಳಿಯುವ ಉದ್ದೇಶವೇ ಇಲ್ಲದಿದ್ದರೂ ಮಾರ್ಗದಲ್ಲಿರುವ ಪ್ರತಿ ದೇಶದ ನಿಯಮವೂ ನಿಮಗೆ ಅನ್ವಯಿಸಬಹುದು ಎಂಬುದನ್ನು ಮರೆಯಬಾರದು.

ಸಿಂಗಪುರಕ್ಕೆ ಬರುವವರು ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ನಮೂನೆಯನ್ನು, ಬರುವ ದಿನವೂ ಸೇರಿದಂತೆ ಮೂರು ದಿನಗಳ ಒಳಗೆ ತುಂಬಬೇಕು. ಇದು ಉಚಿತ, ಶುಲ್ಕ ಕೇಳುವ ತಾಣ ಸರ್ಕಾರದ್ದಲ್ಲ. ವಿಮಾನದಲ್ಲಿ ಬಂದಾಗ ತುಂಬಿದ್ದು ಹಡಗಿನಲ್ಲಿ ಮರಳುವಾಗ ನಡೆಯುವುದಿಲ್ಲ, ಎರಡನೆಯದನ್ನು ಬೇರೆಯಾಗಿಯೇ ತುಂಬಬೇಕು. ಇಲ್ಲೊಂದು ಸಣ್ಣ ತೊಡಕಿದೆ: ಮೂರು ರಾತ್ರಿಯ ಪ್ರವಾಸದಲ್ಲಿ ಆ ಮೂರು ದಿನಗಳ ಅವಧಿ ತೆರೆಯುವ ಹೊತ್ತಿಗೆ ನೀವು ಸಮುದ್ರದ ಮೇಲಿರುತ್ತೀರಿ, ಅಲ್ಲಿ ಇಂಟರ್ನೆಟ್ ದುಬಾರಿ. ಪೆನಾಂಗ್‌ನಲ್ಲಿ ಇಳಿದಾಗ ಯಾವುದಾದರೂ ಕಾಫಿ ಅಂಗಡಿಯ ವೈಫೈ ಹಿಡಿದು ಈ ಕೆಲಸ ಮುಗಿಸಿಕೊಂಡರೆ ಕೊನೆಯ ದಿನದ ಗಡಿಬಿಡಿ ತಪ್ಪುತ್ತದೆ.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವ ಇನ್ನೊಂದು ಸಂಗತಿ ಹೆಸರು. ಕರ್ನಾಟಕದ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಅಥವಾ ಇನಿಷಿಯಲ್ ಬಿಡಿಸಿದ ಊರಿನ ಹೆಸರೋ ತಂದೆಯ ಹೆಸರೋ ಅಲ್ಲಿ ಕುಳಿತಿರುತ್ತದೆ. ಕ್ರೂಸ್ ಕಂಪನಿಯ ನಮೂನೆಯಾದರೋ ಎರಡೂ ಜಾಗ ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಇಂಥ ಸಂದರ್ಭದಲ್ಲಿ ಊಹೆ ಮಾಡಿ ತುಂಬದೆ ಕಂಪನಿಯನ್ನೋ ಏಜೆಂಟರನ್ನೋ ಲಿಖಿತವಾಗಿ ಕೇಳಿ, ಅವರು ಹೇಳಿದ ರೀತಿಯಲ್ಲೇ ಬರೆದು, ಆ ಉತ್ತರವನ್ನು ಮುದ್ರಿಸಿ ಜೊತೆಗೆ ಇಟ್ಟುಕೊಳ್ಳಬೇಕು. ಮಗುವಿನೊಂದಿಗೆ ತಂದೆ ಅಥವಾ ತಾಯಿ ಒಬ್ಬರೇ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇರಲಿ. ಬಹುತೇಕ ಕಂಪನಿಗಳು ಆರು ತಿಂಗಳು ತುಂಬದ ಶಿಶುಗಳನ್ನೂ, ಪ್ರವಾಸದ ಅವಧಿಯಲ್ಲಿ 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಹತ್ತಿಸಿಕೊಳ್ಳುವುದಿಲ್ಲ.

ಮುಂಬೈಯಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗುವ ದೇಶೀಯ ಹಡಗಾದರೆ ಈ ಗೊಡವೆಗಳಲ್ಲಿ ಹೆಚ್ಚಿನವು ಇಲ್ಲ. ಸರ್ಕಾರಿ ಗುರುತಿನ ಚೀಟಿ ಸಾಕು, ಲಕ್ಷದ್ವೀಪಕ್ಕಾದರೆ ಪ್ರವೇಶ ಪರವಾನಗಿಯೂ ಬೇಕು. ಉಳಿದ ಕ್ರಮವೆಲ್ಲ ಸುಮಾರಾಗಿ ಒಂದೇ.

ಹತ್ತುವ ದಿನ

ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹತ್ತುವ ಸಾಹಸ ಬೇಡ. ವಿಮಾನ ನಾಲ್ಕು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ತಲುಪಿ ಸಿಂಗಪುರದಲ್ಲಿ ಒಂದು ರಾತ್ರಿ ಉಳಿಯುವ ಖರ್ಚು ಇಡೀ ಪ್ರವಾಸದ ಹಣಕ್ಕೆ ಕೊಟ್ಟ ವಿಮೆಯಿದ್ದಂತೆ.

ಆನ್‌ಲೈನ್ ಚೆಕ್-ಇನ್ ಕೆಲವು ವಾರಗಳ ಮೊದಲೇ ತೆರೆಯುತ್ತದೆ. ಅಲ್ಲಿ ಪಾಸ್‌ಪೋರ್ಟಿನ ವಿವರ, ಮುಖದ ಫೋಟೊ, ಖರ್ಚಿಗೆ ಜೋಡಿಸುವ ಕಾರ್ಡ್ ಎಲ್ಲವನ್ನೂ ಕೊಟ್ಟು, ಟರ್ಮಿನಲ್‌ಗೆ ಬರುವ ಸಮಯವನ್ನು ಆರಿಸಿಕೊಳ್ಳಬೇಕು. ಬೇಗ ಚೆಕ್-ಇನ್ ಮಾಡಿದವರಿಗೆ ಬೇಗನೆಯ ಸಮಯ ಸಿಗುತ್ತದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಳಗೆ ಸೇರಿದರೆ ಊಟ ಹಡಗಿನಲ್ಲೇ ಆಗುತ್ತದೆ, ಅದರ ಹಣವನ್ನು ನೀವು ಆಗಲೇ ಕೊಟ್ಟಾಗಿದೆ. ಆದರೆ ಎಲ್ಲರಿಗೂ ಇದೇ ಯೋಚನೆ ಬರುವುದರಿಂದ ಹನ್ನೆರಡರಿಂದ ಎರಡರವರೆಗಿನ ಸಾಲು ಉದ್ದವಾಗಿರುತ್ತದೆ; ಸಣ್ಣ ಮಕ್ಕಳೋ ಮಂಡಿನೋವಿನ ಹಿರಿಯರೋ ಜೊತೆಗಿದ್ದರೆ ಸ್ವಲ್ಪ ತಡವಾದ ಸಮಯ ಆರಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಗಾಲಿಕುರ್ಚಿ ಬೇಕಾದವರು ಅಲ್ಲಿ ಹೋಗಿ ಕೇಳಿದರಾಯಿತು ಎಂದುಕೊಳ್ಳದೆ ವಾರಗಳ ಮೊದಲೇ ಕಂಪನಿಗೆ ತಿಳಿಸಬೇಕು.

ಟ್ಯಾಕ್ಸಿಯವರಿಗೆ ಬರೀ ಕ್ರೂಸ್ ಸೆಂಟರ್ ಎಂದು ಹೇಳಬೇಡಿ. ಸಿಂಗಪುರದಲ್ಲಿ ಹಾರ್ಬರ್‌ಫ್ರಂಟ್ ಬಳಿ ಸಿಂಗಪುರ ಕ್ರೂಸ್ ಸೆಂಟರ್ ಎಂಬ ಹಳೆಯ ಟರ್ಮಿನಲ್ ಇದೆ, ಮರೀನಾ ಸೌತ್‌ನಲ್ಲಿ 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್ ಬೇರೆ. ಯಾವುದೆಂಬುದು ನಿಮ್ಮ ಬೋರ್ಡಿಂಗ್ ಪತ್ರದಲ್ಲಿರುತ್ತದೆ. ಎರಡನೆಯದಕ್ಕೆ ಮೆಟ್ರೊದಲ್ಲಿ ಹೋಗುವವರು ಮರೀನಾ ಸೌತ್ ಪಿಯರ್ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಮುಂದೆ ಬಿಸಿಲಿನಲ್ಲಿ ಲಗೇಜ್ ಎಳೆದುಕೊಂಡು ನಡೆಯುವ ದಾರಿ ಹಿತಕರವೇನಲ್ಲ.

ಟರ್ಮಿನಲ್‌ನಲ್ಲಿ ಮೊದಲು ನಡೆಯುವುದು ಲಗೇಜಿನಿಂದ ಬೇರ್ಪಡುವುದು. ಕ್ಯಾಬಿನ್ ಸಂಖ್ಯೆಯಿರುವ ಟ್ಯಾಗನ್ನು ಮನೆಯಲ್ಲೇ ಮುದ್ರಿಸಿ ತಂದಿದ್ದರೆ ಸರಿ, ಇಲ್ಲವಾದರೆ ಅಲ್ಲಿಯೇ ಬರೆದು ಕಟ್ಟುತ್ತಾರೆ. ಹೀಗೆ ಕೊಟ್ಟ ಸೂಟ್‌ಕೇಸ್ ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ. ಆದ್ದರಿಂದ ಅಲ್ಲಿಯವರೆಗಿನ ಏಳೆಂಟು ಗಂಟೆಗಳನ್ನು ಕಳೆಯಲು ಬೇಕಾದದ್ದೆಲ್ಲ ಕೈಚೀಲದಲ್ಲಿರಬೇಕು: ಪಾಸ್‌ಪೋರ್ಟ್, ವೀಸಾ ಪ್ರತಿ, ದಿನನಿತ್ಯದ ಮಾತ್ರೆಗಳು, ಕನ್ನಡಕ, ಚಾರ್ಜರ್, ಒಡವೆ, ಮಗುವಿನ ಒಂದು ಜೊತೆ ಬಟ್ಟೆ, ಈಜುಕೊಳಕ್ಕೆ ಇಳಿಯುವ ಆಸೆಯಿದ್ದರೆ ಅದರ ಉಡುಪು. ಪಾಸ್‌ಪೋರ್ಟನ್ನು ಸೂಟ್‌ಕೇಸ್‌ನಲ್ಲಿಟ್ಟು ಪೋರ್ಟರ್ ಕೈಗೆ ಒಪ್ಪಿಸಿ, ಆಮೇಲೆ ಕೌಂಟರಿನಲ್ಲಿ ತಡಕಾಡುವವರು ಪ್ರತಿ ಹಡಗಿಗೂ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಅನಂತರ ಎಕ್ಸ್‌ರೇ ತಪಾಸಣೆ. ವಿಮಾನದಂತೆ ನೀರಿನ ಬಾಟಲಿಯ ತಕರಾರು ಇಲ್ಲಿ ಅಷ್ಟಿಲ್ಲ, ಆದರೆ ಬೆಂಕಿಯ ಭಯ ಹೆಚ್ಚು. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ರೈಸ್ ಕುಕ್ಕರ್, ಮೇಣದಬತ್ತಿ, ಊದುಬತ್ತಿ ಇವುಗಳನ್ನು ತೆಗೆದಿಟ್ಟುಕೊಂಡು ಕೊನೆಯ ದಿನ ಮರಳಿಸುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದೇ ಗತಿ. ಕ್ಯಾಬಿನ್ನಿನಲ್ಲಿ ಅಮೆರಿಕದ ಚಪ್ಪಟೆ ಪಿನ್ನಿನ ಮತ್ತು ಯುರೋಪಿನ ದುಂಡು ಪಿನ್ನಿನ ಪ್ಲಗ್ ಜಾಗಗಳು ಸಾಮಾನ್ಯವಾಗಿ ಇರುತ್ತವೆ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಎರಡನೆಯದರಲ್ಲಿ ಕೂರುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಡಬ್ಬ ಒಯ್ಯುವ ಪದ್ಧತಿಯನ್ನು ಬಿಡಲಾರದವರು ಅಂಗಡಿಯ ಮುಚ್ಚಿದ ಪೊಟ್ಟಣವನ್ನೇ ಒಯ್ಯಲಿ, ಮನೆಯಲ್ಲಿ ಮಾಡಿದ ಅಡುಗೆಯನ್ನು ಬಹುತೇಕ ಹಡಗುಗಳು ಒಪ್ಪುವುದಿಲ್ಲ.

ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿ, ವಾಂತಿಭೇದಿ ಜ್ವರ ಇತ್ತೇ ಎಂಬ ಆರೋಗ್ಯದ ಪ್ರಶ್ನೆಗಳನ್ನು ಕೇಳಿ, ಕ್ರೂಸ್ ಕಾರ್ಡ್ ಕೊಡುತ್ತಾರೆ ಅಥವಾ ಅದು ಕ್ಯಾಬಿನ್ ಬಾಗಿಲಲ್ಲಿ ಕಾಯುತ್ತಿರುತ್ತದೆ. ಈ ಕಾರ್ಡೇ ಕೋಣೆಯ ಕೀಲಿ, ಹಡಗಿನೊಳಗಿನ ಹಣ, ಹೊರಹೋಗುವ ಒಳಬರುವ ಗುರುತು ಎಲ್ಲವೂ ಆಗಿರುತ್ತದೆ. ಇದಕ್ಕೆ ಡೆಬಿಟ್ ಕಾರ್ಡನ್ನು ಜೋಡಿಸಿದರೆ ಕಂಪನಿ ಮುಂಗಡವಾಗಿ ತಡೆಹಿಡಿದ ಮೊತ್ತ ಪ್ರವಾಸ ಮುಗಿದು ಕೆಲವು ದಿನಗಳಾದರೂ ಖಾತೆಗೆ ಮರಳದೆ ಇರಬಹುದು. ಕ್ರೆಡಿಟ್ ಕಾರ್ಡ್ ಜೋಡಿಸುವುದು ಅಥವಾ ನಗದು ಠೇವಣಿ ಇಡುವುದು ಒಳ್ಳೆಯದು. ಇಮಿಗ್ರೇಷನ್ ದಾಟಿದ ಮೇಲೆ ಗ್ಯಾಂಗ್‌ವೇ, ಎಂದರೆ ಹಡಗಿಗೆ ಹತ್ತಿ ಇಳಿಯುವ ಸೇತುವೆ. ಕೆಲವು ಮಾರ್ಗಗಳಲ್ಲಿ ಮುಂದಿನ ಬಂದರಿನ ಔಪಚಾರಿಕತೆಗಾಗಿ ಹಡಗಿನವರೇ ಪಾಸ್‌ಪೋರ್ಟನ್ನು ತೆಗೆದುಕೊಂಡು ಇಟ್ಟುಕೊಳ್ಳುತ್ತಾರೆ. ಇದು ರೂಢಿಯಲ್ಲಿರುವ ಕ್ರಮವೇ ಆದ್ದರಿಂದ ಗಾಬರಿ ಬೇಡ, ಆದರೆ ರಸೀದಿ ಪಡೆದು, ಫೋಟೊಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ಒಳಗೆ ಬಂದ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ದೂರವಾಗುತ್ತಿದ್ದಂತೆ ಹಡಗಿನ ಸ್ವಂತ ಮೊಬೈಲ್ ಜಾಲ ನಿಮ್ಮ ಫೋನನ್ನು ಹಿಡಿದುಕೊಳ್ಳುತ್ತದೆ, ಅದರ ದರ ಸಾಮಾನ್ಯ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕಿನಲ್ಲಿ ಸೇರಿರುವುದಿಲ್ಲ.

ಕ್ಯಾಬಿನ್ನುಗಳು ಸಿದ್ಧವಾಗುವುದು ಮಧ್ಯಾಹ್ನ ಒಂದು ಒಂದೂವರೆಗೆ. ಅಷ್ಟರಲ್ಲಿ ಊಟ ಮುಗಿಸಿ, ಬಫೆ ಜನಜಂಗುಳಿಯಾಗಿದ್ದರೆ ಬೇರೆ ಯಾವ ಭೋಜನಶಾಲೆ ತೆರೆದಿದೆ ಎಂದು ವಿಚಾರಿಸಿ, ಮಸ್ಟರ್ ಡ್ರಿಲ್ ಎಂಬ ಸುರಕ್ಷತಾ ಅಭ್ಯಾಸವನ್ನು ಮುಗಿಸಿಬಿಡಬೇಕು. ಇದನ್ನು ತಪ್ಪಿಸಿಕೊಳ್ಳಲು ಹವಣಿಸುವವರನ್ನು ಕಂಡರೆ ನನಗೆ ಅಸಹನೆಯಾಗುತ್ತದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ವಾಲಿ 32 ಮಂದಿ ಸತ್ತಾಗ, ಅದೇ ಸಂಜೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕು ಎಂಬುದು ಆಗಿನ ನಿಯಮವಾಗಿತ್ತು. 2015ರ ಜನವರಿ 1ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ನಡೆಸಲೇಬೇಕು ಎಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ತಿದ್ದಲಾಯಿತು. ಹಿಂದೆ ಎಲ್ಲರನ್ನೂ ಒಂದೇ ಹೊತ್ತಿಗೆ ಡೆಕ್‌ನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಕೋವಿಡ್ ನಂತರ ಅನೇಕ ಹಡಗುಗಳಲ್ಲಿ ಆ್ಯಪ್‌ನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ವಿಡಿಯೊ ನೋಡಿ, ನಿಮ್ಮ ಕಾರ್ಡಿನ ಮೇಲೆ ಬರೆದಿರುವ ಮಸ್ಟರ್ ಸ್ಟೇಷನ್‌ಗೆ, ಎಂದರೆ ತುರ್ತಿನಲ್ಲಿ ಸೇರಬೇಕಾದ ಜಾಗಕ್ಕೆ, ಹೋಗಿ ಕಾರ್ಡ್ ತೋರಿಸಿ ಬಂದರೆ ಮುಗಿಯುತ್ತದೆ. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು, ಇದು ತುರ್ತು ಸಂಕೇತ. ಕ್ಯಾಬಿನ್ನಿನಿಂದ ಆ ಜಾಗಕ್ಕೆ ಲಿಫ್ಟ್ ಬಳಸದೆ ಮೆಟ್ಟಿಲಿಳಿದು ಒಮ್ಮೆ ನಡೆದು ನೋಡಿ, ಮಕ್ಕಳಿಗೂ ತೋರಿಸಿ.

ಹೊರಡುವ ಸಮಯಕ್ಕೆ ಒಂದರಿಂದ ಒಂದೂವರೆ ಗಂಟೆ ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ. ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾಗಿರುವುದರಿಂದ ಇಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ನಡುವೆ ಇಳಿದು ಹತ್ತುವುದು

ಪೆನಾಂಗ್‌ನ ಜಾರ್ಜ್ ಟೌನ್‌ನಲ್ಲಿ ಹಡಗು ಸ್ವೆಟ್ಟೆನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುವುದರಿಂದ ನಡೆದೇ ಊರೊಳಗೆ ಹೋಗಬಹುದು. ಫುಕೆಟ್‌ನ ಪಟಾಂಗ್ ಬಳಿಯಾದರೆ ಹಡಗು ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತದೆ. ಅದಕ್ಕೆ ಚೀಟಿ ಪಡೆದು ಕಾಯಬೇಕು, ಮರಳುವಾಗಲೂ ಸಾಲಿರುತ್ತದೆ. ಅಲೆ ಜೋರಾಗಿದ್ದರೆ ಆ ಬಂದರಿನ ಭೇಟಿಯನ್ನೇ ರದ್ದುಪಡಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಇಲ್ಲಿ ಎಡವುವುದು ಗಡಿಯಾರದ ವಿಷಯದಲ್ಲಿ. ಸಿಂಗಪುರಕ್ಕೂ ಮಲೇಷ್ಯಾಕ್ಕೂ ಒಂದೇ ಸಮಯ, ಆದರೆ ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗು ತನ್ನದೇ ಸಮಯವನ್ನು ಇಟ್ಟುಕೊಂಡಿದ್ದರೆ, ಫುಕೆಟ್‌ನಲ್ಲಿ ತಾನಾಗಿಯೇ ಬದಲಾದ ಮೊಬೈಲ್ ಗಡಿಯಾರ ಐದು ಎನ್ನುವಾಗ ಹಡಗಿನಲ್ಲಿ ಆರಾಗಿರುತ್ತದೆ. ಇಳಿಯುವ ಬಾಗಿಲಲ್ಲಿ ಬರೆದಿರುವ ಆಲ್ ಅಬೋರ್ಡ್ ಸಮಯದ, ಎಂದರೆ ಎಲ್ಲರೂ ಹಡಗಿಗೆ ಮರಳಿರಬೇಕಾದ ಸಮಯದ, ಫೋಟೊ ತೆಗೆದುಕೊಂಡು, ಅದು ಯಾವ ಗಡಿಯಾರದ ಲೆಕ್ಕ ಎಂದು ಅಲ್ಲಿಯೇ ಕೇಳಿಕೊಳ್ಳಿ. ಸಾಧ್ಯವಾದರೆ ಮಾಮೂಲಿ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೇ ಬಿಡಿ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನೀವಾಗಿ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಕೈತಪ್ಪಿ ಹೋದರೆ ಆ ಬಂದರಿನಲ್ಲಿರುವ ಕಂಪನಿಯ ಪೋರ್ಟ್ ಏಜೆಂಟರನ್ನು ಹುಡುಕಬೇಕು, ಅವರ ದೂರವಾಣಿ ಸಂಖ್ಯೆ ಹಡಗಿನ ದಿನಚರಿ ಪತ್ರದಲ್ಲೋ ಆ್ಯಪ್‌ನಲ್ಲೋ ಇರುತ್ತದೆ, ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ.

ಇದೇ ದೃಶ್ಯದ ಇನ್ನೊಂದು ಮಗ್ಗುಲನ್ನು ಮಂಗಳೂರಿನವರು ನೋಡಿಯೇ ಇರುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗು ಬಂದ ದಿನ ಪ್ರವಾಸಿಗರು ಬೆಳಿಗ್ಗೆ ಬಸ್ಸು ಹತ್ತಿ ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿ, ಸಂಜೆಯೊಳಗೆ ಮರಳುವ ಅವಸರದಲ್ಲಿರುತ್ತಾರೆ. ಪೆನಾಂಗ್‌ನಲ್ಲಿ ನಿಮ್ಮ ಪಾಡೂ ಅದೇ. ಇಡೀ ಊರನ್ನು ಮುಗಿಸುವ ಹಟ ಬೇಡ. ಎರಡು ಜಾಗ ಸಾಕು.

ಕೊನೆಯ ರಾತ್ರಿ

ಮುಗಿಯುವ ಹಿಂದಿನ ದಿನ ಕ್ಯಾಬಿನ್ನಿಗೆ ಬಣ್ಣದ ಅಥವಾ ಸಂಖ್ಯೆಯ ಟ್ಯಾಗುಗಳು ಬರುತ್ತವೆ. ಅವುಗಳನ್ನು ಸೂಟ್‌ಕೇಸ್‌ಗಳಿಗೆ ಕಟ್ಟಿ, ಹತ್ತುವಾಗ ಕಟ್ಟಿದ್ದ ಹಳೆಯ ಟ್ಯಾಗನ್ನು ಕಿತ್ತು, ಸೂಚಿಸಿದ ಹೊತ್ತಿನೊಳಗೆ, ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಒಳಗೆ, ಬಾಗಿಲ ಹೊರಗೆ ಇಡಬೇಕು. ಮತ್ತೆ ಅವು ಕಣ್ಣಿಗೆ ಬೀಳುವುದು ಮರುದಿನ ಟರ್ಮಿನಲ್‌ನ ಹಾಲ್‌ನಲ್ಲಿ. ಆದ್ದರಿಂದ ಮೊದಲ ದಿನದ ಕೈಚೀಲವೇ ಈಗ ಮತ್ತೆ ಬೇಕು: ರಾತ್ರಿಯುಡುಪು, ಬೆಳಗಿನ ಬಟ್ಟೆ, ಹಲ್ಲುಜ್ಜುವ ಸಾಮಾನು, ಮಾತ್ರೆ, ಪಾಸ್‌ಪೋರ್ಟ್, ಮತ್ತು ಪಾದರಕ್ಷೆ. ಕೊನೆಯದನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಬಂಧುಗಳೊಬ್ಬರು ಎಲ್ಲ ಶೂಗಳನ್ನೂ ಅಚ್ಚುಕಟ್ಟಾಗಿ ತುಂಬಿ ಹೊರಗಿಟ್ಟು, ಮರುದಿನ ಕ್ಯಾಬಿನ್ನಿನ ಬಿಳಿ ಸ್ಲಿಪ್ಪರಿನಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದರು.

ಲಗೇಜ್ ಕಡಿಮೆಯಿದ್ದು, ಎಲ್ಲವನ್ನೂ ನೀವೇ ಎಳೆದುಕೊಂಡು ಹೋಗಬಲ್ಲಿರಾದರೆ ಹೊರಗಿಡುವ ಅಗತ್ಯವಿಲ್ಲ. ಸ್ವತಃ ಒಯ್ಯುವವರನ್ನು ಎಲ್ಲರಿಗಿಂತ ಮೊದಲು ಇಳಿಸುತ್ತಾರೆ. ಆದರೆ ಆ ಹೊತ್ತಿಗೆ ಲಿಫ್ಟುಗಳು ತುಂಬಿ ತುಳುಕುತ್ತವೆ, ಹಿರಿಯರಿದ್ದರೆ ಇದರ ಗೋಜಿಗೆ ಹೋಗದಿರುವುದು ಮೇಲು.

ಆ ರಾತ್ರಿ ಮಾಡಲೇಬೇಕಾದ ಇನ್ನೊಂದು ಕೆಲಸ ಬಿಲ್ಲನ್ನು ಓದುವುದು. ಅಮೆರಿಕ ಮೂಲದ ಕಂಪನಿಗಳಲ್ಲಿ ಸಿಬ್ಬಂದಿಯ ಟಿಪ್ಸ್ ಎಂದು ಒಬ್ಬರಿಗೆ ದಿನಕ್ಕೆ ಸುಮಾರು 15ರಿಂದ 20 ಡಾಲರ್ ತಾನಾಗಿಯೇ ಸೇರುತ್ತದೆ, ಕೆಲವು ಕಂಪನಿಗಳಲ್ಲಿ ಎಳೆಯ ಮಕ್ಕಳಿಗೂ ಕೂಡ; ಟಿಕೆಟ್ ಜೊತೆಗೇ ಕೊಟ್ಟಿದ್ದರೆ ಎರಡನೆಯ ಬಾರಿ ಸೇರಿಲ್ಲವೇ ನೋಡಿ. ಮುಟ್ಟದ ಮಿನಿಬಾರ್, ಕೊಳ್ಳದ ಫೋಟೊ ಇಂಥ ತಪ್ಪುಗಳಿದ್ದರೆ ರಾತ್ರಿಯೇ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಬೇಕು. ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಡಗಿನವರು ಇಟ್ಟುಕೊಂಡಿದ್ದ ಪಾಸ್‌ಪೋರ್ಟನ್ನು ಎಲ್ಲಿ, ಎಷ್ಟು ಹೊತ್ತಿಗೆ ಮರಳಿಸುತ್ತಾರೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಇಳಿಯುವ ಬೆಳಗ್ಗೆ

ಹಡಗು ಕಟ್ಟೆಗೆ ಬಂದು ನಿಂತ ಮಾತ್ರಕ್ಕೆ ಇಳಿಯಲು ಬಿಡುವುದಿಲ್ಲ. ಬಂದರಿನ ಅಧಿಕಾರಿಗಳ ಅನುಮತಿ ಬರಬೇಕು, ಲಗೇಜ್ ಕೆಳಗಿಳಿಯಬೇಕು. ಎಂಟು ಗಂಟೆಯ ಸುಮಾರಿಗೆ ಕ್ಯಾಬಿನ್ ತೆರವು ಮಾಡಿ, ತಿಂಡಿ ತಿಂದು, ನಿಮ್ಮ ಟ್ಯಾಗಿನ ಬಣ್ಣ ಅಥವಾ ಸಂಖ್ಯೆಯನ್ನು ಕರೆಯುವವರೆಗೆ ಸೂಚಿಸಿದ ಜಾಗದಲ್ಲಿ ಕುಳಿತಿರಿ. ಕ್ಯಾಬಿನ್ನಿನ ಸೇಫ್, ಸ್ನಾನದ ಮನೆಯ ಬಾಗಿಲ ಹಿಂದಿನ ಕೊಕ್ಕೆ, ಪ್ಲಗ್‌ನಲ್ಲಿ ಸಿಕ್ಕಿಸಿದ ಚಾರ್ಜರ್ ಈ ಮೂರನ್ನು ಬಿಡುವ ಮುನ್ನ ನೋಡಿಕೊಳ್ಳಿ. ಗ್ಯಾಂಗ್‌ವೇಯಲ್ಲಿ ಕ್ರೂಸ್ ಕಾರ್ಡ್ ಕೊನೆಯ ಬಾರಿ ಟಿಣ್ ಎಂದ ಮೇಲೆ ಮತ್ತೆ ಒಳಗೆ ಹೋಗುವಂತಿಲ್ಲ.

ಕೆಳಗೆ ಇಮಿಗ್ರೇಷನ್ ಮುಗಿಸಿ, ನಿಮ್ಮ ಟ್ಯಾಗಿನ ಗುಂಪಿನಲ್ಲಿ ಸೂಟ್‌ಕೇಸ್ ಗುರುತಿಸಿಕೊಂಡು, ಕಸ್ಟಮ್ಸ್ ದಾಟಬೇಕು. ಸಿಂಗಪುರದ ಕಸ್ಟಮ್ಸ್ ವಿಷಯದಲ್ಲಿ ಉದಾಸೀನ ಸಲ್ಲದು. ಇ-ಸಿಗರೇಟು ನಿಷಿದ್ಧ. ಸಿಗರೇಟಿಗೆ ಸುಂಕದ ವಿನಾಯಿತಿಯೇ ಇಲ್ಲ, ಒಂದು ಪ್ಯಾಕಾದರೂ ಘೋಷಿಸಬೇಕು. ಮದ್ಯದ ವಿನಾಯಿತಿ 48 ಗಂಟೆಗಳಿಗಿಂತ ಕಡಿಮೆ ಹೊರಗಿದ್ದವರಿಗೂ ಮಲೇಷ್ಯಾದಿಂದ ಬರುವವರಿಗೂ ಸಿಗುವುದಿಲ್ಲ. ಹಾಗಾಗಿ ಪೆನಾಂಗ್‌ಗೆ ಮಾತ್ರ ಹೋಗಿ ಬರುವ ಹಡಗಿನ ಅಂಗಡಿಯಲ್ಲಿ ಡ್ಯೂಟಿ ಫ್ರೀ ಎಂದು ಕೊಂಡ ಬಾಟಲಿ ಇಳಿಯುವಾಗ ಡ್ಯೂಟಿ ಫ್ರೀ ಆಗಿಯೇ ಉಳಿಯುತ್ತದೆಂದು ನಂಬಬೇಡಿ. ಬಫೆಯಿಂದ ಎತ್ತಿಕೊಂಡ ಹಣ್ಣು, ಮಾಂಸದ ತಿನಿಸುಗಳನ್ನು ಹಡಗಿನಲ್ಲಿಯೇ ಬಿಡಿ.

ಊರಿಗೆ ಮರಳುವ ವಿಮಾನವನ್ನು ಮಧ್ಯಾಹ್ನ ಒಂದಕ್ಕಿಂತ ಮೊದಲಿಗೆ ಕಾಯ್ದಿರಿಸಬೇಡಿ, ಸಂಜೆಯದಾದರೆ ಇನ್ನೂ ನಿಶ್ಚಿಂತೆ. ಟರ್ಮಿನಲ್‌ನಿಂದ ಚಾಂಗಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯಷ್ಟೇ ಆದರೂ, ಟ್ಯಾಕ್ಸಿ ಸಿಗುವ ಸಾಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದೀತು. ಚಾಂಗಿಯಲ್ಲಿ ಹಣ ಕೊಟ್ಟು ಲಗೇಜ್ ಇಡುವ ವ್ಯವಸ್ಥೆಯಿದೆ. ಅಲ್ಲಿ ಸೂಟ್‌ಕೇಸ್ ಇಟ್ಟು ಮಿಕ್ಕ ಹೊತ್ತನ್ನು ಊರು ನೋಡಲು ಬಳಸಬಹುದು.

ನೆಲದ ಮೇಲೆ ನಿಂತಾಗ, ಅದರಲ್ಲೂ ಸ್ನಾನ ಮಾಡುವಾಗ ಅಥವಾ ಕಣ್ಣು ಮುಚ್ಚಿದಾಗ, ಇನ್ನೂ ತೂಗಿದಂತೆ ಭಾಸವಾಗುತ್ತದೆ. ಅಲೆಗೆ ಹೊಂದಿಕೊಂಡಿದ್ದ ದೇಹ ಮತ್ತೆ ನೆಲಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯವಿದು, ಬಹುತೇಕರಿಗೆ ಒಂದೆರಡು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಿ, ಕ್ರೂಸ್‌ಗೆ ಹೋಗಿ ಬಂದದ್ದನ್ನು ಮರೆಯದೆ ಹೇಳಿ.